ಮೇಡಂ ಬರೆದ ಇಂಗ್ಲಿಷ್

ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಐರಿಷ್ ಕಥೆಗಳ ಸಂಕಲನವೊಂದನ್ನು ಬಿಡಿಸಿದೆ. ಒಣಗಿದ ಬೇವಿನೆಲೆಯ ವಾಸನೆ. ನಮ್ಮ ಇಂಗ್ಲಿಷ್ ಮೇಡಂ ಹುಳ ಬೀಳದಿರಲೆಂದು ಪ್ರತಿ ಪುಸ್ತಕದಲ್ಲೂ ಬೇವಿನೆಲೆ ಇಡುತ್ತಿದ್ದರು. ಅದು ಅವರ ಪುಸ್ತಕವಲ್ಲ... ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ.

ಅವರು ಓಕಳಿಪುರಂನವರು. ತಂದೆ ರೈಲ್ವೆ ಗ್ಯಾಂಗ್‌ಮನ್, ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಬಸವನಗುಡಿಯ ನಮ್ಮ ಕಾಲೇಜಿನಲ್ಲಿ, ಇವರ ಇಂಗ್ಲಿಷಿನಲ್ಲಿ ಕನ್ನಡ ಇಣುಕುತ್ತದೆಂದು ಕೆಲವರು ಬೆನ್ನ ಹಿಂದೆ ನಗುತ್ತಿದ್ದರು. ಐರಿಷ್ ಲೇಖಕರ ಪಾಠ ಬಂದಾಗ ಮಾತ್ರ ಮೇಡಂ ಬೇರೆಯೇ ಆಗಿಬಿಡುತ್ತಿದ್ದರು. ಆ ಜನ ತಮ್ಮ ಗೇಲಿಕ್ ಭಾಷೆ ಕಳೆದುಕೊಂಡು ಇಂಗ್ಲಿಷಿಗೆ ಬಂದರು, ಆದರೆ ಗೇಲಿಕ್ಕಿನಲ್ಲಿ ಮಾತು ಕಟ್ಟುವ ರೀತಿಯನ್ನು ಬಿಟ್ಟು ಬರಲಿಲ್ಲ ಎನ್ನುತ್ತಿದ್ದರು. ಮೊದಮೊದಲು ಆ ಜನರ ಇಂಗ್ಲಿಷ್ ಕೇಳಿ ನಕ್ಕವರಿದ್ದರಂತೆ. ಆಮೇಲೆ ಅದೇ ಇಂಗ್ಲಿಷಿನಲ್ಲಿ ನಾಟಕ, ಕಥೆಗಳು ಹುಟ್ಟಿದವು. ಗೇಲಿಕ್ಕಿನಲ್ಲಿ ಹಸಿವು ಮನುಷ್ಯನ ‘ಮೇಲೆ’ ಇರುತ್ತದಂತೆ, ಪುಸ್ತಕ ಅವನ ‘ಹತ್ತಿರ’ ಇರುತ್ತದಂತೆ.

“ನಮ್ಮಲ್ಲೂ ಹತ್ರಾನೇ ಅಲ್ವಾ ಇರೋದು?” ಎಂದು ನಮ್ಮನ್ನು ನೋಡುತ್ತಿದ್ದರು.

ನಾನು ಪ್ರಕಾಶನವೊಂದರಲ್ಲಿ ಇಂಗ್ಲಿಷ್ ಕರಡು ತಿದ್ದುವ ಕೆಲಸಕ್ಕೆ ಸೇರಿದ ವರ್ಷ, ಮೇಡಂ ಮನೆಗೆ ಕರೆದು ಒಂದು ಕಥೆ ಕೊಟ್ಟರು. ತಮ್ಮ ತಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದು. ಕೈಬರಹ, ಬೇರೆ ಪ್ರತಿ ಇರಲಿಲ್ಲ. ಟೈಪ್ ಮಾಡಿಕೊಡು ಎಂದಷ್ಟೇ ಕೇಳಿದ್ದರು. ನಾನು ತಿದ್ದಿಕೊಂಡೇ ಟೈಪ್ ಮಾಡಿದೆ. ಉಪಕಾರ ಮಾಡುತ್ತಿದ್ದೇನೆ ಅನ್ನಿಸಿತ್ತು... ಇಂಗ್ಲಿಷಿನಲ್ಲೂ ಕನ್ನಡದ ಹಾಗೆಯೇ ತಾಯಿಗೆ ಸಿಟ್ಟು ‘ಬರುವ’, ನಿದ್ದೆ ‘ಹತ್ತುವ’ ವಾಕ್ಯಗಳನ್ನೆಲ್ಲ ನೆಟ್ಟಗೆ ಮಾಡಿದೆ. ಮುಗಿದ ಮೇಲೆ ಕೈಬರಹದ ಹಾಳೆಗಳನ್ನು ರದ್ದಿಗೆ ಹಾಕಿದೆ.

ಮೇಡಂ ಕನ್ನಡಕ ಹಾಕಿಕೊಂಡು ಕೊನೆಯ ಹಾಳೆಯವರೆಗೂ ಓದಿದರು.

“ಇಂಗ್ಲಿಷ್ ಚೆನ್ನಾಗಿದೆ ಕಣಮ್ಮ,” ಅಂದರು. “ನಮ್ಮಮ್ಮ ಇಲ್ಲ ಇದ್ರಲ್ಲಿ.”

ಕೈಬರಹದ್ದು ಎಲ್ಲಿ ಎಂದು ಕೇಳಿದರು. ಹೇಳಿದೆ. ಬೈಯಲಿಲ್ಲ. ಎದ್ದು ಹೋಗಿ ಕಾಫಿ ಮಾಡಿ ತಂದುಕೊಟ್ಟರು. ಆಮೇಲೆ ಅವರು ಏನೂ ಬರೆಯಲಿಲ್ಲ... ಬರೆದಿದ್ದರೂ ನನಗೆ ತೋರಿಸಲಿಲ್ಲ.

ಹೋದ ವರ್ಷ ತೀರಿಕೊಂಡರು. ಅಕ್ಕ ಬರೆದದ್ದೇನಾದರೂ ನಿಮ್ಮ ಹತ್ತಿರ ಇದೆಯಾ ಎಂದು ಅವರ ತಂಗಿ ಕೇಳಿದಾಗ ಇಲ್ಲವೆಂದೆ. ಟೈಪು ಮಾಡಿದ್ದು ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ. ಅದು ಅವರು ಬರೆದದ್ದಲ್ಲ.

ಈಗಲೂ ದಿನವಿಡೀ ಕಂಡವರ ಇಂಗ್ಲಿಷ್ ತಿದ್ದುತ್ತೇನೆ. ಸಾಕಾಗಿದೆ. ರಜೆಯ ದಿನ ಒಮ್ಮೊಮ್ಮೆ ಆ ಕಥೆ ತೆರೆದುಕೊಂಡು, ಮೇಡಂ ಬರೆದಿದ್ದ ಹಾಗೆಯೇ ವಾಪಸು ಬರೆಯೋಣವೆಂದು ಕೂರುತ್ತೇನೆ. ಒಂದು ವಾಕ್ಯವೂ ಪೂರ್ತಿ ನೆನಪಾಗುವುದಿಲ್ಲ. ಬರೆದದ್ದೆಲ್ಲ ಸರಿಯಾದ ಇಂಗ್ಲಿಷೇ ಆಗುತ್ತದೆ.