ಪೆನ್ನು ಕೊಡದ ಹೆಂಗಸು

ಅಪ್ಪ ತೀರಿಕೊಂಡ ಮೇಲೆ ಅಣ್ಣ ಕುಂದಾಪುರದಿಂದ ಒಂದು ಸೀರೆ ಕಳಿಸಿದ್ದ, ಜೊತೆಗೊಂದು ಕಾಗದ. ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಬೇಡ ಎಂದು ನಾನೇ ಬರೆದುಕೊಡುವ ಕಾಗದ. ನಮ್ಮ ಕಡೆ ತಂಗಿಯರು ಸೀರೆ ಉಟ್ಟು ಸಹಿ ಹಾಕುವುದು ರೂಢಿ, ಓದುವುದು ರೂಢಿಯಲ್ಲ.

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಆಫೀಸು ಮುಗಿಸಿ, ಮನೆಗೆ ಹೋಗಲು ಲೋಕಲ್ ರೈಲು ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕ ಖುಷಿಗೆ ಕಾಗದ ತೆಗೆದರೆ ಪೆನ್ನಿಲ್ಲ. ಡೊಂಬಿವಲಿಯಲ್ಲಿ ಇಳಿಯುವುದರೊಳಗೆ ಒಂದು ಸಹಿ ಹಾಕಬೇಕು, ಪೆನ್ನು ಇದೆಯಾ ಎಂದು ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಹೆಂಗಸನ್ನು ಹಿಂದಿಯಲ್ಲಿ ಕೇಳಿದೆ. ಆಕೆ ಪೆನ್ನು ತೆಗೆದವಳು, ಕಾಗದದ ಮೇಲೆ ಕಣ್ಣಾಡಿಸಿ, ಮತ್ತೆ ಪರ್ಸಿನೊಳಗೆ ಇಟ್ಟುಬಿಟ್ಟಳು.

"ನಾ ವಿಜಾಪುರದಾಕಿ. ಕಲ್ಯಾಣ ಕೋರ್ಟಿನಾಗ ವಕೀಲಿ ಮಾಡ್ತೀನ್ರಿ," ಅಂದಳು. "ಸಂವಿಧಾನದಾಗ ಹೆಣ್ಣು ಗಂಡು ಸಮಾನ ಅಂತ ಬರದ ಮ್ಯಾಲೂ, ಮಗಳಿಗೆ ಮಗನಷ್ಟ ಪಾಲು ಅನ್ನೋ ಕಾನೂನು ಬರಾಕ ಐವತ್ತ ವರ್ಷ ಬಡದಾಡ್ಯಾರ. ನೀವು ಡೊಂಬಿವಲಿ ಬರೂದ್ರಾಗ ಬಿಟ್ಟುಕೊಡ್ತೀರೇನು?"

ನನಗೆ ಸಿಟ್ಟು ಬಂತು. "ನನ್ನಣ್ಣ ಒಳ್ಳೆಯವನು," ಅಂದೆ.

"ಹಂಗಾರ ಪಾಲು ಕೊಟ್ಟ ಮ್ಯಾಲೂ ಒಳ್ಳೆಯಾಂವನ ಇರ್ತಾನ," ಎಂದು ಒಂದು ಕಟ್ಟು ಮೆಂತ್ಯ ನನ್ನ ಮಡಿಲಿಗೆ ಹಾಕಿದಳು. "ಕೈ ಸುಮ್ನ ಕೂಡವಲ್ದಂದ್ರ ಇದನ್ನ ಬಿಡಸ್ರಿ."

ಡೊಂಬಿವಲಿ ಬಂದಾಗ ಸೊಪ್ಪು ಬಿಡಿಸಿ ಮುಗಿದಿತ್ತು, ಸಹಿ ಬಿದ್ದಿರಲಿಲ್ಲ. ನೂಕುನುಗ್ಗಲಲ್ಲಿ ಆಕೆಯ ಹೆಸರೂ ಕೇಳದೆ ಇಳಿದೆ. ಇವತ್ತಿಗೂ ಮೆಂತ್ಯ ಬಿಡಿಸುವಾಗ ಆಕೆಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅಣ್ಣ ಆರು ತಿಂಗಳು ಮಾತು ಬಿಟ್ಟ. ಆಮೇಲೆ ಮಾತೂ ಆಡಿದ, ಪಾಲೂ ಕೊಟ್ಟ. ಸೀರೆಯನ್ನು ಮಾತ್ರ ನಾನು ವಾಪಸು ಕಳಿಸಲಿಲ್ಲ. ಪಾಲುಪತ್ರಕ್ಕೆ ಸಹಿ ಹಾಕಲು ಊರಿಗೆ ಹೋದಾಗ ಅದನ್ನೇ ಉಟ್ಟಿದ್ದೆ.