ಎವಾಲ್ಡ್ ಪಿಯೊಂಟೆಕ್ ಸಾಕಿದ ಹಾವು

ಅರವತ್ತೇಳು ವರ್ಷದ ಎವಾಲ್ಡ್ ಪಿಯೊಂಟೆಕ್ ಅದುವರೆಗೆ ಸಾಕಿದ್ದು ಪಾರಿವಾಳ, ಮೊಲ, ಮತ್ತೆ ಬೇಕಾದಷ್ಟು ಹಟ. ಹಾವು ಸಾಕುತ್ತೇನೆಂದು ಕನಸಿನಲ್ಲೂ ಎಣಿಸಿದವನಲ್ಲ. ಜರ್ಮನಿಯ ನಮ್ಮ ಹೆರ್ನೆಯಲ್ಲಿ ಗಣಿಯವರ ಸಾಲುಮನೆಗಳು ಇವತ್ತಿಗೂ ಹಾಗೇ ಇವೆ. ಕಲ್ಲಿದ್ದಲ ಗಣಿ ಮುಚ್ಚಿತು, ಪಾರಿವಾಳದ ಗೂಡುಗಳು ಬರಿದಾದವು, ಆದರೂ ನಮ್ಮ ಸಾಲಿನಲ್ಲಿ ಯಾರೂ ಹಾವು ತಂದಿಟ್ಟುಕೊಳ್ಳುವ ಮಟ್ಟಕ್ಕೆ ಹೋಗಿರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಅವನ ಮಗಳು ಸ್ವೆನ್ಯಾ ಬಂದು ಬಾಗಿಲು ತಟ್ಟಿದಳು. ಒಂಬತ್ತು ವರ್ಷ ಆ ಹೊಸಿಲು ತುಳಿಯದವಳು. ಹಿಂದೆ ವ್ಯಾನು, ವ್ಯಾನಿನಲ್ಲಿ ಗಾಜಿನ ದೊಡ್ಡ ಪೆಟ್ಟಿಗೆ, ಕೈಯಲ್ಲಿ ಒಂದು ಬಟ್ಟೆಯ ಚೀಲ.

"ಆಸ್ಪತ್ರೆಗೆ ಸೇರ್ತಿದ್ದೀನಪ್ಪ. ಮೈಗಲ್ಲ, ಮನಸ್ಸಿಗೆ. ಮೂರು ತಿಂಗಳಾಗಬಹುದು, ನಾಲ್ಕೂ ಆಗಬಹುದು. ಅಲ್ಲಿ ಇವಳನ್ನ ಬಿಡಲ್ಲ. ಕೇಳಿದೋರೆಲ್ಲ ಆಗಲ್ಲ ಅಂದ್ರು. ನೀನು ನೋಡ್ಕೋತೀಯಾ?"

ಚೀಲದೊಳಗೆ ಏನಿದೆ ಎಂದು ಕೇಳುವ ಮೊದಲೇ ಎವಾಲ್ಡ್ "ಹ್ಞೂಂ" ಅಂದಾಗಿತ್ತು. ಅವಳು ಹುಲಿ ತಂದಿದ್ದರೂ ಹ್ಞೂಂ ಅನ್ನುತ್ತಿದ್ದ. ಚೀಲದಿಂದ ಹೊರಬಂದದ್ದು ಪೌಲಾ. ಹೆಬ್ಬಾವಿನ ಜಾತಿ, ಆದರೆ ಗಿಡ್ಡ, ಒಂದೂಕಾಲು ಮೀಟರು. ಕಂದು ಮೈಮೇಲೆ ಹಳದಿ ಮಚ್ಚೆ. ಮುಟ್ಟಿದರೆ ತಣ್ಣಗೆ ಅಂಟಂಟಾಗಿರುತ್ತದೆ ಎಂದುಕೊಂಡಿದ್ದ. ನುಣ್ಣಗೆ ಒಣಗಿತ್ತು, ಒಂಚೂರು ಬೆಚ್ಚಗೂ ಇತ್ತು.

ಒಂಬತ್ತು ವರ್ಷದ ಮುನಿಸಿಗೆ ಕಾರಣ ಎವಾಲ್ಡನ ಬಾಯಿ. ಬೈದಿದ್ದಕ್ಕಲ್ಲ, ಬೈಯುವ ಬಾಯಿಯೇ ಅಲ್ಲ ಅದು. ಕೆಟ್ಟ ಸುದ್ದಿ ಆ ಬಾಯಿಂದ ಹೊರಡುವುದೇ ಇಲ್ಲ. ಹೆಂಡತಿ ಮಾರ್ಲೀಸ್ ಕೊನೆಯ ದಿನಗಳಲ್ಲಿ ಮಲಗಿದ್ದಾಗ ಸ್ವೆನ್ಯಾ ಹ್ಯಾಂಬರ್ಗಿನಿಂದ ದಿನಾ ಫೋನು ಮಾಡುತ್ತಿದ್ದಳು. "ಪರವಾಗಿಲ್ಲ ಮಗಳೇ, ಇವತ್ತು ಸೂಪು ಕುಡಿದಳು, ಗಡಿಬಿಡಿ ಮಾಡ್ಕೊಂಡು ಬರಬೇಡ" ಎನ್ನುತ್ತಿದ್ದ. ಸೂಪು ಹಾಗಿರಲಿ, ಮಾರ್ಲೀಸ್‌ಗೆ ನೀರು ಇಳಿಯುತ್ತಿರಲಿಲ್ಲ. ಮಗಳು ಬಂದಾಗ ಕೋಣೆ ಗುಡಿಸಿ ಹಾಸಿಗೆ ಮಡಚಿಟ್ಟಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾಯಮಾನ ಇವನದು. ಅಂಥವನ ಮನೆಗೇ ಹಾವು ಬಂತು, ನೋಡಿ.

ಸ್ವೆನ್ಯಾ ಎರಡು ಪುಟ ಬರೆದುಕೊಟ್ಟಳು. ಬೆಚ್ಚಗಿನ ಕಡೆ ಮೂವತ್ತೆರಡು ಡಿಗ್ರಿ, ದೀಪ ಆರಿಸಕೂಡದು, ನೀರು ದಿನಾ ಬದಲಿಸಬೇಕು, ಗಾಜು ಯಾವಾಗಲೂ ಮುಚ್ಚಿರಬೇಕು, ಎರಡು ವಾರಕ್ಕೊಂದು ಇಲಿ. ಕೊನೆಯಲ್ಲಿ, "ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ, ಪೌಲಾ ಹೇಗಿದ್ದಾಳೆ ಅಂತ ಹೇಳು."

ಎವಾಲ್ಡನಿಗೆ ಬೇಕಾಗಿದ್ದುದು ಆ ಸಾಲೊಂದೇ. ಹಾವು ಬದುಕಿದ್ದರೆ ಭಾನುವಾರ ಫೋನು ಬರುತ್ತದೆ. ಚಳಿಗಾಲ ಕಳೆದರೆ ಮಗಳೇ ಬರುತ್ತಾಳೆ, ಬಂದವಳು ಊಟಕ್ಕೂ ಕೂತಾಳು. ಇಷ್ಟು ಲೆಕ್ಕ ಹಾಕಿ ಅವನು ಹಾವಿನ ಚಾಕರಿಗೆ ನಿಂತ.

ಸತ್ತ ಇಲಿಗಳು ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕದಲ್ಲೇ ಇದ್ದವು. ಮೊದಲ ಸಲ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಟವೆಲಿನಲ್ಲಿ ಒರೆಸಿ, ಬಾಲ ಹಿಡಿದು ಉದ್ದನೆಯ ಚಿಮುಟದಲ್ಲಿ ಆಡಿಸಿದ. ಗೋಡೆಯಾಚೆಯ ಮನೆಯ ಹೆಡ್ವಿಗ್ ನೋಡಲು ಬಂದಿದ್ದಳು. ಎಪ್ಪತ್ನಾಲ್ಕರ ವಿಧವೆ, ನಾಲಿಗೆಗೆ ಮೂಳೆಯಿಲ್ಲ.

"ಮಾರ್ಲೀಸ್‌ಗೆ ಒಂದಿನ ಕಾಫಿ ಮಾಡಿಕೊಟ್ಟೋನಲ್ಲ ನೀನು! ಈಗ ನೋಡು, ಇಲಿಗೆ ಸ್ನಾನ ಮಾಡಿಸಿ ಬಡಿಸ್ತಿದ್ದೀಯ."

"ಸುಮ್ನಿರೇ, ಹೆದರ್ಕೊಳ್ಳತ್ತೆ."

"ಅದಕ್ಕೆ ಕಿವಿ ಎಲ್ಲಿದೆಯೋ ಮಾರಾಯ?"

ಪೌಲಾ ಒಮ್ಮೆಲೇ ಹೊಡೆದು ಹಿಡಿದು, ಇಲಿಯನ್ನು ಸುತ್ತಿಕೊಂಡಳು. ಹೆಡ್ವಿಗ್ ಚೀರಿದಳು. ಎವಾಲ್ಡ್ ಮಾತ್ರ ಕಣ್ಣಲ್ಲಿ ನೀರು ತಂದುಕೊಂಡು ನಕ್ಕ. ಆ ಭಾನುವಾರ ಮಗಳಿಗೆ ಅದನ್ನು ಹತ್ತು ನಿಮಿಷ ವರ್ಣಿಸಿದ. ಆ ಕಡೆಯಿಂದ ಸ್ವೆನ್ಯಾಳೂ ನಕ್ಕಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತೋ!

ಪುಟದಲ್ಲಿ ಬರೆಯದ ಒಂದು ಸಂಗತಿಯೂ ಇತ್ತು: ಗಾಳಿ. ನಮ್ಮ ಸಾಲಿನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಎಲ್ಲ ಕಿಟಕಿಗಳನ್ನೂ ಹಾರು ಹೊಡೆಯುತ್ತೇವೆ, ಹಿಮ ಬೀಳುತ್ತಿದ್ದರೂ ಸರಿಯೆ. ಗೋಡೆಗೆ ಬೂಷ್ಟು ಹಿಡಿಯಬಾರದೆಂದು ಬೇರೆ ಊರಿನವರೂ ಮಾಡುತ್ತಾರೆ. ನಮಗದು ಎದೆಯ ಮಾತು. ಎವಾಲ್ಡನ ಅಪ್ಪ ಗಣಿಯ ದೂಳು ಕುಡಿದು ಕುಡಿದು, ಕೊನೆಯ ನಾಲ್ಕು ವರ್ಷ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಉಸಿರಿಗಾಗಿ ಬಾಯಿ ಬಿಡುತ್ತಿದ್ದ. ಅವನಿಗೆ ಮನೆಮಂದಿ ಕೊಡಬಹುದಾಗಿದ್ದದ್ದು ಒಂದೇ, ತಣ್ಣನೆಯ ಗಾಳಿ. ಈ ಮನೆಯಲ್ಲಿ ಒಬ್ಬರನ್ನು ಪ್ರೀತಿಸುವುದೆಂದರೆ ಅವರ ಕಿಟಕಿ ತೆರೆಯುವುದು.

ಹಾಗಾಗಿ ಎವಾಲ್ಡ್ ದಿನಾ ಬೆಳಿಗ್ಗೆ ಕಿಟಕಿ ತೆಗೆದು, ಪೆಟ್ಟಿಗೆಯ ಗಾಜನ್ನೂ ಸರಿಸಿ, ಉಣ್ಣೆ ಟೋಪಿ ಹಾಕಿಕೊಂಡು ಕಾಲು ಗಂಟೆ ಕಾವಲು ನಿಲ್ಲುತ್ತಿದ್ದ. ಗಾಜು ಮುಚ್ಚಿರಲಿ ಎಂದಳಲ್ಲ ಮಗಳು, ಹಾವು ತಪ್ಪಿಸಿಕೊಂಡೀತೆಂಬ ಭಯಕ್ಕೆ ಎಂದುಕೊಂಡ. ತಾನೇ ಎದುರಿಗೆ ನಿಂತಿರುವಾಗ ಅದು ಎಲ್ಲಿಗೆ ಹೋದೀತು? "ಉಸಿರಾಡು ಪೌಲಾ, ಚೆನ್ನಾಗಿ ಉಸಿರಾಡು" ಎನ್ನುತ್ತಿದ್ದ. ಹೊರಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ.

ಡಿಸೆಂಬರಿನಲ್ಲಿ ಪೌಲಾ ಇಲಿಯನ್ನು ಮೂಸಿ ನೋಡಿ ಮುಖ ತಿರುಗಿಸಿದಳು. ಎವಾಲ್ಡ್ ಮತ್ತೆ ಬಿಸಿ ಮಾಡಿದ, ಆಡಿಸಿದ, ಗೋಗರೆದ. ಊಹುಂ. ಕೊನೆಗೆ ಇಲಿಯನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದ. ಆ ಭಾನುವಾರ ಸ್ವೆನ್ಯಾಳ ದನಿ ನೂಲಿನೆಳೆಯಷ್ಟು ಸಣ್ಣಗಾಗಿತ್ತು. ವಾರವೆಲ್ಲ ಅತ್ತಿದ್ದೇನೆ ಅಂದಳು, ಆಮೇಲೆ ಕೇಳಿದಳು, "ಪೌಲಾ ತಿಂದಳಾ?"

ಎವಾಲ್ಡನ ಬಾಯಿಗೆ ಸತ್ಯ ಬಂದು, ಹಲ್ಲಿನ ಹಿಂದೆ ನಿಂತಿತು.

"ತಿಂದಳು ಮಗಳೇ. ಗಬಕ್ ಅಂತ."

"ದೇವ್ರೇ, ಅಷ್ಟಾದ್ರೂ ಆಯ್ತಲ್ಲ" ಅಂದಳು ಅವಳು.

ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ನೀರು ಕುಡಿದಷ್ಟು ಸಲೀಸು. ಕ್ರಿಸ್ಮಸ್ ಬಂತು, ಹೋಯಿತು. ಪೌಲಾ ತಿನ್ನಲಿಲ್ಲ, ಫೋನಿನಲ್ಲಿ ಮಾತ್ರ ತಿನ್ನುತ್ತಲೇ ಇದ್ದಳು. ಕಸ ಹಾಕಲು ಹೋದ ಹೆಡ್ವಿಗ್ ಒಂದು ದಿನ ಪೊಟ್ಟಣ ಬಿಚ್ಚಿ ನೋಡಿಬಿಟ್ಟಳು.

"ಇದೇನೋ ಇದು? ಆ ಹುಡುಗಿಗೆ ಹೇಳಿದ್ದೀಯಾ?"

"ಹೇಳ್ತೀನಿ. ಸ್ವಲ್ಪ ಚೇತರಿಸ್ಕೊಳ್ಳಲಿ."

"ಮಾರ್ಲೀಸ್ ಸಾಯೋವಾಗ್ಲೂ ಇದೇ ರಾಗ ಹಾಡ್ದೆ. ಒಂಬತ್ತು ವರ್ಷ ಉಂಡೆಯಲ್ಲ ಅದರ ಫಲ, ಸಾಲದಾ?"

"ನಿಂಗೆ ಗೊತ್ತಾಗಲ್ಲ ಹೆಡ್ವಿಗ್. ಬೇಜಾರಾದ್ರೆ ಅವಳು ಮತ್ತೆ ಫೋನ್ ಮಾಡಲ್ಲ."

ಜನವರಿಯಲ್ಲಿ ಪೌಲಾಳ ಉಸಿರಿಗೆ ಸದ್ದು ಬಂತು. ಸಣ್ಣಗೆ ಸುಯ್ಯೆನ್ನುವ ಸಿಳ್ಳೆ, ನಡುವೆ ಗೊರಗೊರ. ಎವಾಲ್ಡ್ ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದ, ಆ ಸದ್ದು ಅವನಿಗೆ ಹಿತವಾಗಿತ್ತು. ಅಪ್ಪ ಹಾಗೆ ಉಸಿರಾಡಿದ್ದ, ಅಣ್ಣ ಹಾಗೆ ಉಸಿರಾಡಿದ್ದ, ಮೆಟ್ಟಿಲು ಹತ್ತಿದರೆ ಇವನದೂ ಹಾಗೇ. ನಮ್ಮ ಸಾಲಿನಲ್ಲಿ ಮನೆಯೊಳಗೆ ಜನ ಇದ್ದಾರೆ ಎನ್ನುವುದಕ್ಕೆ ಆ ಸದ್ದೇ ಗುರುತು. ಎಲ್ಲದಕ್ಕೂ ಕೊಂಕು ತೆಗೆಯುವ ಹೆಡ್ವಿಗ್ ಕೂಡ ಕಿವಿಗೊಟ್ಟು, "ನಮ್ಮನೆಯವರು ಇದ್ದಾಗ ಹೀಗೇ ಇರ್ತಿತ್ತು ಕಣೋ" ಎಂದು ನಿಟ್ಟುಸಿರಿಟ್ಟು ಹೋದಳು. ಎವಾಲ್ಡ್ ಮರುದಿನದಿಂದ ಕಿಟಕಿಯನ್ನು ಅರ್ಧ ಗಂಟೆ ತೆರೆದಿಟ್ಟ.

ಫೆಬ್ರವರಿಯ ಮೊದಲ ವಾರ ಸ್ವೆನ್ಯಾಳಿಗೆ ಒಂದು ದಿನದ ರಜೆ ಸಿಕ್ಕಿತು. ಹೇಳದೆ ಕೇಳದೆ ಬಂದಳು. ಮೈ ತುಂಬಿಕೊಂಡಿದ್ದಳು, ಮುಖದಲ್ಲಿ ಕಳೆಯಿತ್ತು, ಕೈಯಲ್ಲಿ ಅಪ್ಪನಿಗೆಂದು ತಂದ ಕೇಕಿತ್ತು. ಬಾಗಿಲಿನಿಂದ ಪೆಟ್ಟಿಗೆಯವರೆಗೆ ಐದು ಹೆಜ್ಜೆ. ಐದನೆಯದಕ್ಕೆ ಕೇಕು ಕೆಳಗೆ ಬಿತ್ತು. ಪೌಲಾ ತಲೆಯನ್ನು ಮೇಲಕ್ಕೆತ್ತಿ ಬಾಯಿ ತೆರೆದುಕೊಂಡಿದ್ದಳು, ಮೂಗಿನ ತುದಿಯಲ್ಲಿ ನೊರೆ. ಸ್ವೆನ್ಯಾ ಅವಳನ್ನು ಟವೆಲಿನಲ್ಲಿ ಸುತ್ತಿ, ಕೋಟಿನೊಳಗೆ ಎದೆಗವಚಿಕೊಂಡು ಪ್ರಾಣಿ ಡಾಕ್ಟರ ಹತ್ತಿರ ಓಡಿದಳು. ಎವಾಲ್ಡ್ ಚಪ್ಪಲಿ ಮೆಟ್ಟುವಷ್ಟರಲ್ಲಿ, "ನೀನು ಬರಬೇಡ" ಎಂದಳು.

ಎರಡು ಗಂಟೆಯ ಮೇಲೆ ಬರಿಗೈಯಲ್ಲಿ ಬಂದಳು.

"ಎಷ್ಟು ದಿನದಿಂದ ತಿಂದಿರಲಿಲ್ಲ?"

"ಹೋದ ವಾರ ಸ್ವಲ್ಪ..."

"ಅಪ್ಪ! ಅಲ್ಲಿ ತೂಕ ಹಾಕಿದ್ರು."

"ಎಂಟು ವಾರ" ಎಂದ ಎವಾಲ್ಡ್, ನೆಲ ನೋಡುತ್ತ.

"ಉಪವಾಸ ಇದ್ದಿದ್ದಕ್ಕೆ ಸಾಯಲಿಲ್ಲ ಅವಳು. ಚಳಿಗಾಲದಲ್ಲಿ ಮೂರು ನಾಲ್ಕು ತಿಂಗಳು ತಿನ್ನದೇ ಇರ್ತಾರೆ, ಏನೂ ಆಗಲ್ಲ. ತಿಂದಿಲ್ಲ ಅಂತ ಒಂದ್ಮಾತು ಹೇಳಿದ್ರೆ ನಾನೇ ನಿಂಗೆ ಸಮಾಧಾನ ಹೇಳ್ತಿದ್ದೆ. ಹಾಗೇ ಉಸಿರು ಹೇಗಿದೆ ಅಂತಾನೂ ಕೇಳ್ತಿದ್ದೆ. ಎದೆ ಕಟ್ಟಿ ಸತ್ತಳು. ಥಂಡಿಗೆ. ಕಿಟಕಿ ತೆಗೀತಿದ್ಯಾ?"

"ಗಾಳಿ ಬೇಡ್ವಾ? ದಿನಾ ತೆಗೀತಿದ್ದೆ. ಒಂದು ದಿನಾನೂ ತಪ್ಪಿಸಿಲ್ಲ" ಎಂದ. ಅಯ್ಯೋ, ಆ ಮಾತಿನಲ್ಲಿ ಹೆಮ್ಮೆ ಇನ್ನೂ ಇತ್ತು. ಅದನ್ನು ನುಂಗಲು ಅವನಿಗೆ ಹೊತ್ತೇ ಸಿಕ್ಕಿರಲಿಲ್ಲ.

ಸ್ವೆನ್ಯಾ ಕುರ್ಚಿಯಲ್ಲಿ ಕುಸಿದಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಕಿಟಕಿ ತೆಗೆದಿದ್ದಕ್ಕೆ ನಂಗೆ ಕೋಪ ಇಲ್ಲಪ್ಪ. ನಾನೂ ಈ ಮನೇಲೇ ಬೆಳೆದೋಳು, ನಾನೇ ಬರೆದುಕೊಡಬೇಕಿತ್ತು. ಆದ್ರೆ ಆಸ್ಪತ್ರೇಲಿ ನಂಗೆ ಹೇಳಿದ್ರು, ಅಪ್ಪನ್ನ ಒಂದ್ಸಲ ನಂಬಿ ನೋಡು ಅಂತ. ನಂಬಿದೆ. ಪ್ರತಿ ಭಾನುವಾರ ನಂಬಿದೆ."

"ನೀನು ನೊಂದ್ಕೋತೀಯ ಅಂತ..."

"ನೊಂದ್ಕೊಳ್ಳೋದನ್ನ ನಾನು ನೋಡ್ಕೋತಿದ್ದೆ. ಅಮ್ಮ ಇನ್ನೂ ಉಸಿರಾಡ್ತಿರೋವಾಗ ಬಂದು ಅವಳ ಕೈ ಹಿಡ್ಕೊಂಡು ನೊಂದ್ಕೋತಿದ್ದೆ. ಅದನ್ನೂ ಬಿಡ್ಲಿಲ್ಲ ನೀನು."

ದೀಪ, ಪೆಟ್ಟಿಗೆ, ನೀರಿನ ಬಟ್ಟಲು ಎಲ್ಲವನ್ನೂ ವ್ಯಾನಿಗೆ ಹೊತ್ತದ್ದು ಎವಾಲ್ಡನೇ. ಕೊನೆಯಲ್ಲಿ ವ್ಯಾನಿನ ಬಾಗಿಲು ಹಿಡಿದು, ಉಬ್ಬಸ ಬಿಡುತ್ತ ಕೇಳಿದ, "ಭಾನುವಾರ ಫೋನ್ ಮಾಡ್ತೀಯಲ್ಲ?"

"ಮಾಡಿ ಏನು ಕೇಳ್ಲಿ? ನಾಳೆ ನೀನೇ ಹಾಸಿಗೆ ಹಿಡಿದ್ರೂ, ಚೆನ್ನಾಗಿದ್ದೀನಿ, ಸೂಪು ಕುಡಿದೆ ಅಂತೀಯ. ಹೆಡ್ವಿಗ್‌ಗೆ ನಂಬರ್ ಕೊಟ್ಟಿದ್ದೀನಿ. ಏನಿದ್ರೂ ಅವರನ್ನೇ ಕೇಳ್ಕೋತೀನಿ."

ವ್ಯಾನು ಹೊರಟಿತು. ಎವಾಲ್ಡ್ ಬುಧವಾರದವರೆಗೆ ಮನೆಯಿಂದ ಹೊರಬರಲಿಲ್ಲ. ಹೆಡ್ವಿಗ್ ಆಲೂಗಡ್ಡೆ ರೊಟ್ಟಿ ಸುಟ್ಟು ತಂದುಕೊಟ್ಟಳು. ತಟ್ಟೆ ಹಾಗೇ ಉಳಿಯಿತು.

ಭಾನುವಾರ ನಾಲ್ಕು ಗಂಟೆಗೆ ಫೋನು ಹೊಡೆದುಕೊಂಡಿತು, ಗೋಡೆಯಾಚೆ. ಗಣಿಯವರು ಕಟ್ಟಿಸಿಕೊಟ್ಟ ಗೋಡೆ, ಒಂದು ಇಟ್ಟಿಗೆ ದಪ್ಪ. ಎವಾಲ್ಡ್ ಎದ್ದು ಹೋಗಿ ಕಿವಿಯಿಟ್ಟ.

"ಹ್ಞಾಂ ಕಣಮ್ಮ, ನಾನೇ" ಎಂದಳು ಹೆಡ್ವಿಗ್. "ಇಲ್ಲ, ಚೆನ್ನಾಗಿಲ್ಲ. ಏನೂ ತಿಂತಿಲ್ಲ. ಎದೆ ಗೊರಗುಟ್ತಿದೆ, ಡಾಕ್ಟರ ಹತ್ರ ಬಾ ಅಂದ್ರೆ ಬರಲ್ಲ. ಹ್ಞೂಂ, ನಾಳೆ ನಾನೇ ಎಳ್ಕೊಂಡು ಹೋಗ್ತೀನಿ ಬಿಡು. ತಡಿ, ಇಲ್ಲೇ ಪಕ್ಕದಲ್ಲೇ ಇದ್ದಾನೆ, ಕರೀಲಾ? ಎರಡು ಮಾತಾಡ್ತೀಯಾ?"

ಎವಾಲ್ಡ್ ಅಂಗಿಯ ಗುಂಡಿ ಹಾಕಿಕೊಂಡ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

ಗೋಡೆಯಾಚೆ ಹೆಡ್ವಿಗ್ ಆ ಕಡೆಯ ಮಾತು ಕೇಳಿಸಿಕೊಂಡಳು. ಆಮೇಲೆ, "ಆಗ್ಲಮ್ಮ, ಬೇಡ ಅಂದ್ರೆ ಬೇಡ. ಮುಂದಿನ ವಾರ ನಂಗೇ ಮಾಡು" ಎಂದು ಫೋನಿಟ್ಟಳು.