ಆಟಕ್ಕೂ ಬೇಕು

ಸ್ಟುಡಿಯೋದ ಹಳೆಯ ಕಂಪ್ಯೂಟರ್ ಒಂದು ಮದುವೆಯ ನಟ್ಟನಡುವೆ ಪ್ರಾಣ ಬಿಟ್ಟಿತು. ಮದುವೆ ಬೇರೆ ಯಾರದೋ, ಅದೂ ಮುಗಿದು ಗಂಡ ಹೆಂಡತಿ ಜಗಳ ಶುರುಮಾಡುವಷ್ಟು ಹಳೆಯದಾಗಿತ್ತು. ಎಡಿಟರಮ್ಮ ಅದರ ವೀಡಿಯೊ ಕತ್ತರಿಸಿ ಜೋಡಿಸುತ್ತಿದ್ದಳು. ವರ ಉಂಗುರ ಹಿಡಿದು ವಧುವಿನ ಬೆರಳು ಹುಡುಕುತ್ತಿದ್ದಾಗ ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಅವಳು ಎದ್ದು ಪೆಟ್ಟಿಗೆಯ ಪಕ್ಕೆಗೆ ತಟ್ಟಿದಳು. ಅಂಥ ಏಟಿಗೆ ಹಿಂದೆ ಎಷ್ಟೋ ಸಲ ಎದ್ದು ಕೂತಿದ್ದ ಯಂತ್ರ ಈ ಸಲ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ.

ಎಡಿಟರಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಸ್ಟುಡಿಯೋದ ಬೋರ್ಡಿನಲ್ಲಿ ಇರುವುದು ‘ಬ್ರದರ್ಸ್’ ಎಂದು. ಹಿರಿಯ ಬ್ರದರ್ ಅವಳ ಭಾವ, ಅಂಗಡಿಯ ಮಾಲೀಕರು. ಗಿರಾಕಿಗಳ ಜೊತೆ ಮಾತಾಡುವುದು, ಕೈ ಕುಲುಕುವುದು, ಇಲ್ಲದ ದಿನಕ್ಕೆ ‘ಆಗುತ್ತೆ ಬಿಡಿ’ ಎಂದು ಒಪ್ಪಿಕೊಳ್ಳುವುದು ಅವರ ಕೆಲಸ. ಕಿರಿಯ ಬ್ರದರ್ ಅವಳ ಗಂಡ. ಕ್ಯಾಮೆರಾ ಹೆಗಲಿಗೇರಿಸಿದರೆ ಲೋಕ ಮರೆಯುವವನು, ಇಳಿಸಿದರೆ ಲೋಕಕ್ಕೆ ಹೆದರುವವನು. ಇವರಿಬ್ಬರೂ ತಂದು ಸುರಿದದ್ದನ್ನೆಲ್ಲ ಹಿಂದಿನ ಕೋಣೆಯಲ್ಲಿ ಕೂತು ಒಂದು ರೂಪಕ್ಕೆ ತರುವವಳು ಇವಳು. ವರನ ತಂದೆ ಬಾಯಿ ತೆರೆದು ಆಕಳಿಸಿದ್ದು, ಸೋದರತ್ತೆ ಉಡುಗೊರೆ ನೋಡಿ ಮುಖ ಸಿಂಡರಿಸಿದ್ದು, ವಧುವಿನ ಅಕ್ಕ ಮೂಲೆಯಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಂಡದ್ದು, ಎಲ್ಲ ಅವಳ ಕೈಯಲ್ಲಿ ಮಾಯವಾಗುತ್ತಿತ್ತು. ಉಳಿದದ್ದನ್ನು ನೋಡಿ ಕಣ್ಣೊರೆಸಿಕೊಂಡ ಮನೆಯವರು ಭಾವನ ಕೈ ಹಿಡಿದು ‘ಎಂಥಾ ಸಿನಿಮಾ ಮಾಡಿದ್ದೀರಿ ಸಾರ್’ ಅನ್ನುತ್ತಿದ್ದರು. ಸಾರ್ ತಲೆ ತಗ್ಗಿಸಿ ನಗುತ್ತಿದ್ದರು. ಒಂದು ದಿನವಾದರೂ ಹಿಂದಿನ ಕೋಣೆಯ ಕಡೆ ಬೆರಳು ತೋರಿಸಿದವರಲ್ಲ.

ಸ್ಟುಡಿಯೋದ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ. ಅಲ್ಲಿ ಕಬ್ಬಿಣ ಕೊಯ್ಯಲು ಶುರುಮಾಡಿದರೆ ಇಲ್ಲಿ ಎದುರು ಕೂತವರ ಮಾತೂ ಕೇಳಿಸದು. ಹಾಗಾಗಿ ಎಡಿಟರಮ್ಮನಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಕುರ್ಚಿಯಲ್ಲಿ ಕೂತೊಡನೆ ಮೊದಲು ಹೆಡ್‌ಫೋನ್ ಏರಿಸುವಳು, ಆಮೇಲೆ ಯಂತ್ರದ ಗುಂಡಿ ಒತ್ತುವಳು. ಹೊರಗಿನ ಲೋಕ ಅಲ್ಲಿಗೆ ಬಂದ್.

ಇನ್ನು ಆಟದ ವಿಷಯ. ಹಿಂದೊಮ್ಮೆ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಯಾರೋ ಆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದನ್ನು ಬಿಟ್ಟುಹೋಗಿದ್ದರು. ಗಿರಾಕಿ ಹಾಡು ಆರಿಸಿ ಕಳಿಸಲೆಂದು ಕಾಯುತ್ತ ಕೂತಿದ್ದ ಒಂದು ಮಧ್ಯಾಹ್ನ ಅವಳು ಅದನ್ನು ತೆರೆದಳು. ಮೊದಲ ತಿರುವಿನಲ್ಲೇ ಕಾರು ಗೋಡೆಗೆ ಗುದ್ದಿ ನುಜ್ಜುಗುಜ್ಜಾಯಿತು. ಮನೆಯಲ್ಲಿ ಒಂದು ಲೋಟ ಒಡೆದರೂ ‘ಕಣ್ಣು ಎಲ್ಲಿತ್ತು’ ಎಂದು ಕೇಳುವವರಿದ್ದರು. ಇಲ್ಲಿ ಕಾರಿಗೆ ಕಾರೇ ಹೋದರೂ ಯಾರೂ ಕೇಳಲಿಲ್ಲ. ಅವಳು ಮತ್ತೆ ಓಡಿಸಿದಳು. ಮತ್ತೆ ಗುದ್ದಿದಳು. ಎಷ್ಟೋ ವರ್ಷಗಳಿಂದ ಬೇರೆಯವರ ಸಂತೋಷವನ್ನೇ ಹೊಲಿದು ಕೊಡುತ್ತಿದ್ದ ಹೆಂಗಸಿಗೆ ತನ್ನದೇ ಆದ ಒಂದು ಸಂತೋಷ ಸಿಕ್ಕಿತು. ಅದನ್ನು ಅವಳು ಕದ್ದು ಆಡಬೇಕಿತ್ತು ಅಷ್ಟೆ. ಭಾವ ಬಾಗಿಲಲ್ಲಿ ಕಂಡರೆ ಕಾರು ಮಾಯ, ಮದುವೆ ಹಾಜರ್. ನಲವತ್ತು ದಾಟಿದ ಮೇಲೆ ಹೀಗೆ ಗಡಿಬಿಡಿಯಲ್ಲಿ ಪರದೆ ಬದಲಿಸುವುದು ಅವಳಿಗೆ ನಾಚಿಕೆ ತರುತ್ತಿತ್ತು. ಆಡುವುದಕ್ಕಲ್ಲ ನಾಚಿಕೆ, ಬಚ್ಚಿಡುವುದಕ್ಕೆ.

ಸತ್ತ ಯಂತ್ರವನ್ನು ಭಾವ ಬಂದು ನೋಡಿದರು. “ಹೋಯ್ತಾ? ಹೋಗ್ಲಿ ಬಿಡು. ತೆಳ್ಳಗಿರೋ ಲ್ಯಾಪ್‌ಟಾಪ್ ಒಂದು ತಂದುಬಿಡೋಣ. ಕೌಂಟರ್ ಮೇಲಿಟ್ರೆ ಗಿರಾಕಿ ಬೆರಗಾಗ್ಬೇಕು.”

“ಗಿರಾಕಿ ಬೆರಗಾದ್ರೆ ವೀಡಿಯೊ ಎಡಿಟ್ ಆಗುತ್ತಾ ಭಾವ?”

ಭಾವ ನಕ್ಕರು. ಅವಳು ನಗಲಿಲ್ಲ. ಶಾಲೆಯ ವಾರ್ಷಿಕೋತ್ಸವ, ಯಾರದೋ ಬೇಕರಿಯ ಜಾಹೀರಾತು, ಹೀಗೆ ಹೊರಗಿನ ಚಿಲ್ಲರೆ ಕೆಲಸ ಮಾಡಿ ಅವಳು ಒಂದಿಷ್ಟು ಕೂಡಿಟ್ಟಿದ್ದಳು. “ನನ್ನ ಮೆಷಿನ್ ನಾನೇ ತಗೋತೀನಿ,” ಅಂದಳು. “ಸ್ಟುಡಿಯೋ ಕೆಲಸಾನೂ ಅದರಲ್ಲೇ ಮಾಡ್ಕೊಡ್ತೀನಿ. ಆದ್ರೆ ಅದು ನಂದು. ಮನೇಲಿರುತ್ತೆ.”

“ಮನೇಲಿಟ್ಕೊಂಡು ಏನ್ ಮಾಡ್ತೀಯಮ್ಮಾ?”

ಇಲ್ಲಿ ಒಂದು ಕ್ಷಣ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮುಂದಿನ ರಂಪವೇ ಇರುತ್ತಿರಲಿಲ್ಲ. ಆದರೆ ಆ ಯಂತ್ರದ ಜೊತೆ ಅವಳ ತಾಳ್ಮೆಯೂ ಸತ್ತಿತ್ತು.

“ಕೆಲಸ ಮಾಡ್ತೀನಿ. ಗೇಮೂ ಆಡ್ತೀನಿ.”

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತು. ಭಾವನ ಮನೆ ಬೇರೆ ಬೀದಿಯಲ್ಲಿದ್ದರೂ ಅವರ ಫೋನು ಸದಾ ಈ ಮನೆಯಲ್ಲೇ ಇರುತ್ತಿತ್ತು ಅನ್ನಬೇಕು. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಒಗೆದ ಬಟ್ಟೆ ಮಡಚುತ್ತಲೇ ವಿಚಾರಣೆ ಶುರುಮಾಡಿದರು.

“ಮಕ್ಕಳಾಡೋದನ್ನ ನೀನು ಆಡ್ತೀಯಂತೆ? ನಾಲ್ಕು ಜನ ಕೇಳಿದ್ರೆ ಏನಂತಾರೆ?”

“ಆ ನಾಲ್ಕು ಜನದ ಮದುವೆ ವೀಡಿಯೊನೂ ನಾನೇ ಮಾಡಿರೋದು ಅತ್ತೆ. ಅವರದ್ದು ಏನೇನು ಕತ್ತರಿಸಿ ಬಿಸಾಕಿದೀನಿ ಅಂತ ಬಂದು ಕೇಳ್ಲಿ, ಹೇಳ್ತೀನಿ.”

ಅತ್ತೆಗೆ ಆ ಕತ್ತರಿಸಿದ ಭಾಗಗಳ ಬಗ್ಗೆ ಕುತೂಹಲ ಹುಟ್ಟಿದ್ದು ಮುಖದಲ್ಲೇ ಕಂಡಿತು. ಆದರೂ ಸಿಟ್ಟು ಬಿಟ್ಟುಕೊಡಲಿಲ್ಲ. ಗಂಡ ಮಾತ್ರ ಅವಳನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಬುದ್ಧಿ ಹೇಳಿದ.

“ನೋಡು, ಎಡಿಟಿಂಗಿಗೆ ಬೇಕಾಗೋ ಗ್ರಾಫಿಕ್ಸ್ ಕಾರ್ಡೇ ಗೇಮಿಗೂ ಬೇಕಾಗೋದು. ರ‍್ಯಾಮೂ ಅಷ್ಟೆ. ಮೆಷಿನ್ ಒಂದೇ ತಾನೆ? ಎಡಿಟಿಂಗಿಗೆ ಅಂತ ಹೇಳು, ಮುಗೀತು. ಆಮೇಲೆ ಬಾಗಿಲು ಹಾಕ್ಕೊಂಡು ಆಡ್ಕೋ. ಯಾರು ನೋಡ್ತಾರೆ?”

ಸಲಹೆಯಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು. ಮನೆಗೆ ಟಿ.ವಿ. ತಂದಾಗ ಯಾವ ಕೆಲಸಕ್ಕೆ ಎಂದು ಯಾರಾದರೂ ಕೇಳಿದ್ದರೇ? ಭಾನುವಾರ ಬಂದರೆ ಭಾವ ಗೆಳೆಯರ ಜೊತೆ ಇಸ್ಪೀಟಿಗೆ ಕೂರುವಾಗ ಯಾವ ಕೆಲಸದ ನೆಪ ಹೇಳಿ ಕೂರುತ್ತಾರೆ? ಹೆಂಗಸಿನ ಕೈಗೆ ಬರುವ ವಸ್ತು ಮಾತ್ರ ದುಡಿಯುತ್ತೇನೆ ಎಂದು ಹೊಸ್ತಿಲಲ್ಲೇ ಪ್ರಮಾಣ ಮಾಡಿ ಒಳಗೆ ಬರಬೇಕು. ದುಡಿದೂ ದುಡಿದೂ ಸಾಕಾದ ಮೇಲೂ ಸಂತೋಷಕ್ಕೊಂದು ಸುಳ್ಳು ಹೆಸರಿಡಬೇಕು. ಇದು ಯಾವ ನ್ಯಾಯ?

“ಬಾಗಿಲು ಹಾಕ್ಕೊಂಡು ಯಾಕ್ರೀ ಆಡ್ಲಿ? ಕಳ್ಳತನ ಮಾಡ್ತಿದೀನಾ? ಆಟಕ್ಕೂ ಬೇಕು. ಆಟಕ್ಕೂ ಅಂತ ಹೇಳೇ ತಗೋತೀನಿ.”

ಗಂಡ ಬಾಗಿಲ ಕಡೆ ನೋಡಿದ, ಅಮ್ಮ ಕೇಳಿಸಿಕೊಂಡರೇನೋ ಎಂದು. ಅವಳು ಅವರಿಗೆ ಕೇಳಿಸಲೆಂದೇ ದನಿ ಏರಿಸಿದ್ದಳು.

ಲ್ಯಾಪ್‌ಟಾಪ್ ಕೊಳ್ಳಲು ಹೋದ ಅಂಗಡಿಗೆ ಭಾವನೂ ಬಂದರು. ಕರೆದವರಿಲ್ಲ, ಬೇಡವೆನ್ನುವ ಧೈರ್ಯ ಅವಳ ಗಂಡನಿಗಿರಲಿಲ್ಲ. ಸೇಲ್ಸ್‌ಮನ್ ಎದುರಿಗೆ ಬಂದು ನಿಂತದ್ದೇ ತಡ, “ಎಡಿಟಿಂಗಿಗೆ,” ಅಂದರು ಭಾವ.

“ಗೇಮಿಗೂ,” ಅಂದಳು ಅವಳು.

“ಮಗನಿಗಾ ಮೇಡಂ?”

“ಮಗ ಇಲ್ಲ. ಮಗಳಿದಾಳೆ, ಹಾಸ್ಟೆಲಲ್ಲಿ ಓದ್ತಿದಾಳೆ. ಅವಳಿಗೆ ಗೇಮ್ ಕಂಡ್ರೆ ಆಗಲ್ಲ. ಆಡೋದು ನಾನು.”

ಸೇಲ್ಸ್‌ಮನ್ ಒಳ್ಳೆಯವನು. ತುಟಿಗೆ ಬಂದ ನಗುವನ್ನು ಅಲ್ಲೇ ನುಂಗಿ, “ಯಾವ ಥರದ್ದು ಆಡ್ತೀರಾ?” ಎಂದು ಕೇಳಿದ. ಆ ಪ್ರಶ್ನೆಯನ್ನು ಅವಳಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಕಾರುಗಳ ಬಗ್ಗೆ, ತಿರುವುಗಳ ಬಗ್ಗೆ ಅವಳು ಹೇಳುತ್ತಲೇ ಹೋದಳು. ಭಾವ ದೂರದ ಕಪಾಟಿನಲ್ಲಿದ್ದ ಪ್ರಿಂಟರುಗಳನ್ನು ಗಮನವಿಟ್ಟು ನೋಡತೊಡಗಿದರು.

ಮಧ್ಯಮ ಬೆಲೆಯ ಲ್ಯಾಪ್‌ಟಾಪ್ ಅಂದರೆ ಹಾಗೆಯೇ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿರುತ್ತಾರೆ. ಒಂದರಲ್ಲಿ ಗ್ರಾಫಿಕ್ಸ್ ಕಾರ್ಡ್ ಭರ್ಜರಿ, ಪರದೆ ಪೇಲವ. ಇನ್ನೊಂದರಲ್ಲಿ ಪರದೆ ಚಂದ, ಕಾರ್ಡ್ ಒಂದು ಮೆಟ್ಟಿಲು ಕೆಳಗೆ. ಭಾವ ಬೊಟ್ಟು ಮಾಡಿದ ತೆಳ್ಳನೆಯ ಬೆಡಗಿಯಲ್ಲಿ ಪ್ರತ್ಯೇಕ ಕಾರ್ಡೇ ಇರಲಿಲ್ಲ. ಅವಳು ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಅದರಲ್ಲಿ ಕೆಂಪು ಉಡುಪಿನ ವಧುವೊಬ್ಬಳು ಮೆಟ್ಟಿಲಿಳಿದು ಬರುವ ದೃಶ್ಯವಿತ್ತು. ಮೊದಲನೆಯದರ ಪರದೆಯಲ್ಲಿ ಆ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

“ಇದನ್ನ ನಂಬ್ಕೊಂಡು ಬಣ್ಣ ಸರಿ ಮಾಡೋಕೆ ಹೋದ್ರೆ ಹುಡುಗಿ ಮನೆಯವರು ನನ್ನ ಮೇಲೆ ಬೀಳ್ತಾರೆ,” ಅಂದಳು.

ಎರಡನೆಯದರಲ್ಲಿ ಕೆಂಪು ಕೆಂಪಾಗಿಯೇ ಇತ್ತು. ಕಾರ್ಡ್ ಸ್ವಲ್ಪ ಕಡಿಮೆಯದಾದರೆ ಆಟದಲ್ಲಿ ಮರದ ಎಲೆ, ನೀರಿನ ಹೊಳಪು ಸ್ವಲ್ಪ ಮಂಕಾಗಬಹುದು, ಆಗಲಿ. ಕಾರು ಓಡುವಾಗ ಎಲೆ ಎಣಿಸುವವರು ಯಾರು? ರ‍್ಯಾಮ್ ಸಾಕಷ್ಟಿದೆ, ಬೇಕೆಂದರೆ ಮುಂದೆ ಇನ್ನೊಂದು ಸೇರಿಸಲು ಒಳಗೆ ಜಾಗ ಖಾಲಿ ಇದೆ ಎಂದ ಸೇಲ್ಸ್‌ಮನ್. ಅವಳು ಚೀಲದಿಂದ ತನ್ನ ಹೆಡ್‌ಫೋನನ್ನೂ ತೆಗೆದು ಕಿವಿಗೇರಿಸಿ, ಅಂಗಡಿಯ ಗದ್ದಲದ ನಡುವೆಯೇ ಕಾರು ಓಡಿಸಲು ಕೂತಳು. ಬಂದ ಗಿರಾಕಿಗಳು ನಿಂತು ನೋಡಿದರು. ಕಾರು ಎಲ್ಲೂ ತಡವರಿಸಲಿಲ್ಲ. ಕೊನೆಯ ತಿರುವಿನಲ್ಲಿ ಗೋಡೆಗೆ ಗುದ್ದಿತು, ಆದರೆ ಅದು ಲ್ಯಾಪ್‌ಟಾಪಿನ ತಪ್ಪಲ್ಲ.

“ಇದೇ,” ಅಂದಳು.

ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಳು. ಎಂದಿನಂತೆ ಹೆಡ್‌ಫೋನ್ ಏರಿಸಿ, ಗುಂಡಿ ಒತ್ತಿ, ಆಟ ಶುರುಮಾಡಿದಳು. ಅರ್ಧ ದಾರಿಯಲ್ಲಿ ಅತ್ತೆ ಬಂದು ಭುಜ ಹಿಡಿದು ಅಲುಗಾಡಿಸಿದರು. ಅವಳು ಒಂದು ಕಿವಿ ಬಿಡಿಸಿಕೊಂಡಳು.

“ಏನಮ್ಮಾ ಅದು, ಹಿಟ್ಟಿನ ಗಿರಣಿ ತಂದಿದೀಯಾ?”

ಎಡಿಟರಮ್ಮ ಇನ್ನೊಂದು ಕಿವಿಯನ್ನೂ ಬಿಡಿಸಿಕೊಂಡಳು. ಲ್ಯಾಪ್‌ಟಾಪಿನ ಫ್ಯಾನು ಹೋ ಎಂದು ಕೂಗುತ್ತಿತ್ತು. ಕಾರ್ಡ್ ನೋಡಿದ್ದಳು, ಪರದೆ ನೋಡಿದ್ದಳು, ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡಿದ್ದಳು. ಕಿವಿ ಮುಚ್ಚಿಕೊಂಡೇ ಯಂತ್ರ ತೆರೆಯುವ ಅಭ್ಯಾಸದಲ್ಲಿ ಅದರ ಸದ್ದು ಮಾತ್ರ ಕೇಳಿರಲಿಲ್ಲ. ಆಮೇಲೆ ಗೊತ್ತಾಯಿತು, ಎಡಿಟಿಂಗ್ ಮಾಡುವಾಗ ಅದು ಹೆಚ್ಚೆಂದರೆ ಗುಂಯ್ ಅನ್ನುತ್ತಿತ್ತು. ಆಟಕ್ಕಿಳಿದರೆ ಬೀದಿಗೆ ಕೇಳಿಸುವಂತೆ ಅಬ್ಬರಿಸುತ್ತಿತ್ತು. ಅಂದರೆ ಅವಳು ಆಡುತ್ತಿದ್ದಾಳೆ ಎಂಬುದು ಇನ್ನು ಮನೆಯವರಿಗೆಲ್ಲ ಗೊತ್ತಾಗುವುದೇ.

ಭಾವನ ‘ನಾನು ಆವತ್ತೇ ಹೇಳಿರ್ಲಿಲ್ವಾ’ ಶುರುವಾಯಿತು. ಗಂಡ ಮತ್ತೆ ದನಿ ತಗ್ಗಿಸಿ ಬಂದ. “ಅಂಗಡಿಯವ್ರನ್ನ ಕೇಳಿದೀನಿ, ಬದಲಾಯಿಸಿ ಕೊಡ್ತಾರಂತೆ. ಸದ್ದಿಲ್ಲದ್ದು ತಗೋ. ನೀನು ಆಡಿದ್ದು ಒಂದು ನರಪಿಳ್ಳೆಗೂ ಗೊತ್ತಾಗಲ್ಲ.”

ಅವಳ ಮನಸ್ಸು ಒಂದಿಷ್ಟು ಅಲ್ಲಾಡಿದ್ದು ನಿಜ. ಯಾರ ಕಣ್ಣಿಗೂ ಬೀಳದ ಬದುಕು ಅಭ್ಯಾಸವಾದವಳು. ಫ್ಯಾನನ್ನು ಮೆತ್ತಗೆ ಓಡಿಸುವ ವ್ಯವಸ್ಥೆ ಅದರಲ್ಲೇ ಇತ್ತು, ಅದನ್ನೂ ಹಾಕಿ ನೋಡಿದಳು. ಸದ್ದು ತಗ್ಗಿತು, ಕಾರೂ ಕುಂಟತೊಡಗಿತು. ಕುಂಟುವ ಕಾರನ್ನು ನೋಡುತ್ತ ಅವಳಿಗೆ ರೇಗಿಹೋಯಿತು. ಮೊದಲಿದ್ದಂತೆಯೇ ಮಾಡಿದಳು.

“ಸದ್ದು ಮಾಡ್ಲಿ ಬಿಡ್ರೀ,” ಅಂದಳು. “ಬಿಸಿಯಾದಾಗ ಉಸಿರು ಬಿಡ್ಬೇಕಲ್ಲ. ನಾನೊಬ್ಬಳು ಬಿಡದೆ ಕೂತಿದ್ದು ಸಾಕು.”

ಅಲ್ಲಿಂದ ಮನೆಯಲ್ಲಿ ಎರಡು ಸದ್ದುಗಳು ರೂಢಿಗೆ ಬಂದವು. ಅತ್ತೆ ಒಳಗಿನಿಂದಲೇ ಗುರುತು ಹಿಡಿಯುತ್ತಿದ್ದರು. ಗುಂಯ್ ಅಂದರೆ ಕೆಲಸ, ಹೋ ಅಂದರೆ ಆಟ. ಮೊದಮೊದಲು ಹೋ ಎಂದಾಗಲೆಲ್ಲ ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದರು. ಆಮೇಲೊಂದು ದಿನ ಕೈ ಒರೆಸಿಕೊಳ್ಳುತ್ತ ಬಂದು ಸೊಸೆಯ ಬೆನ್ನ ಹಿಂದೆ ನಿಂತರು. “ಆ ನೀಲಿ ಕಾರು ಯಾರದ್ದೇ? ಏನು ದುರಹಂಕಾರ ಅದಕ್ಕೆ, ದಾರೀನೇ ಬಿಡಲ್ವಲ್ಲ,” ಅಂದರು. ಇನ್ನೊಂದು ದಿನ ಕುರ್ಚಿ ಎಳೆದುಕೊಂಡೇ ಕೂತರು. ಅವರ ಮಾತು ಕೇಳಿಸಲೆಂದು ಸೊಸೆ ಒಂದು ಕಿವಿ ಬಿಟ್ಟೇ ಆಡತೊಡಗಿದಳು. ನೀಲಿ ಕಾರು ಗುಂಡಿಗೆ ಬಿದ್ದಾಗ ಅತ್ತೆ ಹಾಕಿದ ಕೂಗಿಗೆ ಗಂಡ ಸ್ನಾನದ ಮನೆಯಿಂದ ಒದ್ದೆ ತಲೆಯಲ್ಲೇ ಓಡಿಬಂದ.

ಹೀಗಿರುವಾಗ ಒಂದು ರಜೆಯ ಮಧ್ಯಾಹ್ನ ಭಾವ ಹಾರ್ಡ್‌ಡಿಸ್ಕ್ ಹಿಡಿದು ಬಂದರು. ಯಾರದೋ ನಿಶ್ಚಿತಾರ್ಥದ ವೀಡಿಯೊ. ಮರುದಿನ ಕೊಡುವುದೆಂದು ಮಾತಾಗಿತ್ತು. ಗಿರಾಕಿಗೆ ಈಗ ಹಾಡು ಬದಲಾಗಬೇಕಂತೆ, ಸಂಜೆಯೊಳಗೆ ಬೇಕಂತೆ, ಭಾವ ‘ಆಗುತ್ತೆ ಬಿಡಿ’ ಅಂದಾಗಿತ್ತಂತೆ. ಮನೆಯೊಳಗೆ ಫ್ಯಾನು ಅಬ್ಬರಿಸುತ್ತಿತ್ತು.

“ಅದನ್ನ ನಿಲ್ಸಮ್ಮಾ. ಅರ್ಜೆಂಟ್ ಇದೆ,” ಅಂದರು ಭಾವ.

“ಈ ರೇಸ್ ಮುಗೀಲಿ ಭಾವ. ಕೂತ್ಕೊಳ್ಳಿ,” ಅಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.

ತಾವು ಕೇಳಿಸಿಕೊಂಡದ್ದು ನಿಜವೇ ಎಂಬಂತೆ ಭಾವ ತಮ್ಮನ ಮುಖ ನೋಡಿದರು. ಅವನು ಕ್ಯಾಮೆರಾದ ಲೆನ್ಸ್ ಒರೆಸುವುದರಲ್ಲಿ ಮುಳುಗಿಹೋಗಿದ್ದ.

“ಗಿರಾಕಿ ಕಾಯ್ತಿದಾರೆ ಕಣಮ್ಮಾ! ಆಟ ದೊಡ್ಡದಾ, ಕೆಲಸ ದೊಡ್ಡದಾ?”

“ನಾಳೆ ಕೊಡ್ತೀನಿ ಅಂತ ಒಪ್ಪಿದ್ದು ನಾನು. ನಾಳೆ ಕೊಡ್ತೀನಿ. ಸಂಜೆ ಕೊಡ್ತೀನಿ ಅಂತ ಒಪ್ಪಿದ್ದು ನೀವು.”

ಇಷ್ಟು ವರ್ಷದಲ್ಲಿ ಭಾವನಿಗೆ ಎದುರು ಮಾತಾಡಿದ್ದು ಒಂದು ತೂಕವಾದರೆ, ಅವರನ್ನು ಕಾಯಿಸುವುದು ಇನ್ನೊಂದು ತೂಕ. ಕಾರು ರಸ್ತೆ ಬಿಟ್ಟು ಹುಲ್ಲಿಗಿಳಿದು ಮತ್ತೆ ಹತ್ತಿತು. ಭಾವ ತಾಯಿಯ ಕಡೆ ತಿರುಗಿದರು.

“ನೋಡಿದ್ಯಾ ಅಮ್ಮಾ ಇವಳ ಮಾತನ್ನ? ನೀನಾದ್ರೂ ಹೇಳು.”

ಅತ್ತೆ ತಾವು ಕೂತ ಕುರ್ಚಿಯಿಂದ ಏಳಲಿಲ್ಲ. “ಕೂತ್ಕೋ ಅಂದಳಲ್ಲ, ಕೂತ್ಕೋ. ಆಡ್ತಿದಾಳೆ ಅಂತ ನಿಂಗೆ ಕೇಳಿಸ್ತಿಲ್ವಾ?”

ಭಾವ ಕೂತರು. ಹಾರ್ಡ್‌ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರ ಬಾಗಿಲಲ್ಲಿ ಸರದಿ ಕಾಯುವವರ ಹಾಗೆ ಕೂತರು. ಕೊನೆಯ ಸುತ್ತಿನಲ್ಲಿ ಕಾರುಗಳು ಒಂದರ ಹಿಂದೆ ಒಂದು ಅವಳನ್ನು ದಾಟಿ ಹೋದವು. ನೀಲಿಯದು ಎಲ್ಲರಿಗಿಂತ ಮುಂದೆ. ಎಡಿಟರಮ್ಮ ಎಲ್ಲರಿಗಿಂತ ಹಿಂದೆ ಗೆರೆ ಮುಟ್ಟಿದಳು. ಅತ್ತೆ ಲೊಚಗುಟ್ಟಿದರು. ಭಾವ ಎದ್ದು ನಿಂತು ಡಿಸ್ಕ್ ಮುಂದೆ ಹಿಡಿದರು.

“ಮುಗೀತಲ್ಲ? ತಗೋ.”

ಅವಳು ತಿರುಗಿ ಅವರ ಮುಖವನ್ನೇ ನೋಡಿದಳು.

“ಸೋತೆ ಭಾವ. ಇನ್ನೊಂದು ಆಡ್ತೀನಿ,” ಎಂದು ಗುಂಡಿ ಒತ್ತಿದಳು.

ಭಾವ ಮತ್ತೆ ಕೂತರು.